ಕೈಮರ

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನಲ್ಲಿ ಕಿಬ್ಬನಹಳ್ಳಿ ಕ್ರಾಸ್ ಎಂಬ ಸ್ಥಳವಿದೆ. ನಾಲ್ಕು ದಾರಿಗಳು ಅಲ್ಲಿ ಕೂಡುತ್ತವೆ. ಪೂರ್ವದ ದಾರಿ ತುಮಕೂರಿಗೆ, ಪಶ್ಚಿಮದ್ದು ತಿಪಟೂರಿಗೆ, ಉತ್ತರದ್ದು ಚಿಕ್ಕನಾಯಕನಹಳ್ಳಿಗೆ, ದಕ್ಷಿಣದ್ದು ತುರುವೇಕೆರೆಗೆ ಹೋಗುತ್ತದೆ. ಈ ನಾಡು ತೆಂಗಿನ ನಾಡು. ಯಾವ ದಾರಿಯನ್ನು ಹಿಡಿದು ಹೊರಟರೂ ಇಕ್ಕೆಲಗಳಲ್ಲಿ ಕಾಣುವುದು ಅವೇ ತೋಟಗಳು, ಅವೇ ಮರಗಳು. ಆದುದರಿಂದ ಹೊಸಬನ ಕಣ್ಣಿಗೆ ನಾಲ್ಕು ದಾರಿಗಳೂ ಒಂದೇ ಬಗೆಯಾಗಿ ತೋರುವುದು ಸಹಜ. ಇಂತಹ ಕವಲಿನಲ್ಲಿ ಪ್ರಯಾಣಿಕನನ್ನು ತಪ್ಪುದಾರಿಯಿಂದ ಕಾಪಾಡುವುದು ಕೈಮರ.

ಕೈಮರವು ನೋಡುವುದಕ್ಕೆ ಬಹು ಸರಳವಾದ ವಸ್ತು. ಆದರೆ ಅದರ ಹಿಂದೆ ಮೂರು ಬಗೆಯ ವಿವೇಕ ಅಡಗಿದೆ. ಮೊದಲನೆಯದಾಗಿ, ಅದು ದಾರಿ ಕವಲೊಡೆಯುವ ಸ್ಥಳದಲ್ಲಿಯೇ ನಿಲ್ಲುತ್ತದೆ. ಕವಲನ್ನು ದಾಟಿ ಬಹುದೂರ ಹೋದ ಮೇಲೆ ಸಿಗುವ ಕೈಮರದಿಂದ ಯಾರಿಗೂ ಫಲವಿಲ್ಲ. ಎರಡನೆಯದಾಗಿ, ಪ್ರಯಾಣಿಕನಿಗೆ ಗೊತ್ತಿರುವ ಊರುಗಳ ಹೆಸರನ್ನೇ ಅದು ಹೇಳುತ್ತದೆ. ಮೂರನೆಯದಾಗಿ, ಬೇಡದ್ದನ್ನು ಅದು ಹೇಳುವುದಿಲ್ಲ. ಆ ದಾರಿಯನ್ನು ಯಾವ ವರ್ಷ ಮಾಡಿದರು, ಎಷ್ಟು ಹಣ ಖರ್ಚಾಯಿತು, ಅದು ಯಾವ ಅಧಿಕಾರಿಯ ವ್ಯಾಪ್ತಿಗೆ ಸೇರಿದೆ ಎಂಬ ವಿವರಗಳು ಸುಳ್ಳಲ್ಲ; ರಸ್ತೆಯನ್ನು ನೋಡಿಕೊಳ್ಳುವ ಇಲಾಖೆಗೆ ಅವು ಅಗತ್ಯವೂ ಹೌದು. ಆದರೆ ಕೈಮರವನ್ನು ನೆಟ್ಟಿರುವುದು ಇಲಾಖೆಗಾಗಿ ಅಲ್ಲ, ದಾರಿಹೋಕನಿಗಾಗಿ.

ಊರಿಗೆ ದಾರಿ ಇರುವಂತೆ ತಿಳಿವಳಿಕೆಗೂ ದಾರಿ ಇದೆ. ಅಲ್ಲಿಯೂ ಕವಲುಗಳಿವೆ, ಅಲ್ಲಿಯೂ ಕೈಮರಗಳು ಬೇಕು. ಪುಸ್ತಕದ ಮೊದಲಲ್ಲಿರುವ ವಿಷಯಸೂಚಿ, ಕೊನೆಯಲ್ಲಿರುವ ಪದಸೂಚಿ, ಗ್ರಂಥಾಲಯದ ಕಪಾಟಿನ ಮೇಲೆ ಬರೆದಿರುವ ವಿಷಯದ ಹೆಸರು, ಇವೆಲ್ಲ ತಿಳಿವಳಿಕೆಯ ಕೈಮರಗಳೇ. ಇಂದು ಮೊಬೈಲಿನ ಮತ್ತು ಗಣಕಯಂತ್ರದ ಪರದೆಯ ಮೇಲೆ ಓದುವ ಜಾಲತಾಣಗಳಲ್ಲಿ ಪುಟದ ಬದಿಯಲ್ಲಿ ಒಂದು ಪಟ್ಟಿ ಕಾಣುತ್ತದೆ. ಆ ತಾಣದಲ್ಲಿ ಏನೇನಿದೆ, ಯಾವುದು ಎಲ್ಲಿದೆ ಎಂಬುದನ್ನು ತಿಳಿಸುವ ಈ ಬದಿಯ ಪಟ್ಟಿ ಕೈಮರದ ವಂಶದಲ್ಲಿ ಇತ್ತೀಚೆಗೆ ಹುಟ್ಟಿದ ಕುಡಿ. ಅದನ್ನು ಚೆನ್ನಾಗಿ ರೂಪಿಸುವುದು ಹೇಗೆ ಎಂಬುದು ಯಂತ್ರಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ವಾಸ್ತವವಾಗಿ ಅದು ಭಾಷೆಯ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬನ ಮನಸ್ಸನ್ನು ಅರಿಯುವ ಪ್ರಶ್ನೆ.

ತೆಂಗಿನ ನಾಡಿನ ಮನೆಗಳಲ್ಲಿ ಅಟ್ಟವಿರುವುದನ್ನು ಕಾಣಬಹುದು. ಉಂಡೆ ಕೊಬ್ಬರಿಯನ್ನು ಮಾಡುವುದಕ್ಕಾಗಿ ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟದಲ್ಲಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷದವರೆಗೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡಾಗ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳುತ್ತದೆ. ಮೊದಲು ಹಾಕಿದ ಕಾಯಿ ಮೊದಲು ಕೊಬ್ಬರಿಯಾಗುವುದರಿಂದ, ಹಳೆಯ ಕೊಯ್ಲೂ ಹೊಸ ಕೊಯ್ಲೂ ಬೆರೆತುಹೋಗದಂತೆ ನೋಡಿಕೊಳ್ಳಬೇಕು. ಯಾವ ಮೂಲೆಯಲ್ಲಿ ಯಾವ ಕೊಯ್ಲಿನ ಕಾಯಿ ಇದೆಯೆಂದು ಬರೆದಿಡಬೇಕಾದ ಅಗತ್ಯ ಆ ಮನೆಯವರಿಗೆ ಬೀಳುವುದಿಲ್ಲ. ಏಕೆಂದರೆ ಇಟ್ಟವರೇ ತೆಗೆಯುವವರು. ತಿಳಿವಳಿಕೆಯ ಅಟ್ಟದಲ್ಲಿ ಹಾಗಲ್ಲ. ಅಲ್ಲಿ ಇಡುವವನು ಒಬ್ಬ, ಹುಡುಕುವವನು ಇನ್ನೊಬ್ಬ. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿರುವುದಿಲ್ಲ. ಇಟ್ಟವನಿಗೆ ಸುಲಭವಾದ ಕ್ರಮ ಹುಡುಕುವವನಿಗೂ ಸುಲಭವಾಗಿರುತ್ತದೆಂದು ಭಾವಿಸುವುದೇ ಈ ವಿಷಯದಲ್ಲಿ ನಡೆಯುವ ಎಲ್ಲ ತಪ್ಪುಗಳ ಮೂಲ.

ಈ ಭೇದವನ್ನು ಹಿಂದಿನವರು ಅರಿತಿದ್ದರು ಎನ್ನುವುದಕ್ಕೆ ನಿಘಂಟುಗಳೇ ಸಾಕ್ಷಿ. ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶದಲ್ಲಿ ಶಬ್ದಗಳು ಅಕಾರಾದಿ ಕ್ರಮದಲ್ಲಿ ಇಲ್ಲ. ವಿಷಯಾನುಸಾರವಾಗಿ ವರ್ಗಗಳಲ್ಲಿ ಹಂಚಿಕೊಂಡಿವೆ. ತೆಂಗಿಗೆ ಸಂಸ್ಕೃತದಲ್ಲಿರುವ ನಾಳಿಕೇರ ಎಂಬ ಹೆಸರು ಬೇಕಾದರೆ ಎರಡನೆಯ ಕಾಂಡದ ವನೌಷಧಿವರ್ಗಕ್ಕೆ ಹೋಗಬೇಕು. ಆ ಕೋಶವನ್ನು ಬಾಯಿಪಾಠ ಮಾಡುತ್ತಿದ್ದ ವಿದ್ಯಾರ್ಥಿಗೆ ಇದು ಬಹಳ ಅನುಕೂಲವಾದ ಕ್ರಮವಾಗಿತ್ತು. ಗಿಡಮರಗಳ ಹೆಸರುಗಳೆಲ್ಲ ಒಂದೆಡೆ ಇದ್ದುದರಿಂದ ಒಂದನ್ನು ನೆನೆದರೆ ಮತ್ತೊಂದು ತಾನಾಗಿ ಬರುತ್ತಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬೇರೊಂದು ಕ್ರಮವನ್ನು ಅನುಸರಿಸಿತು. ಸುಮಾರು 70,000 ಪದಗಳುಳ್ಳ ಆ ಗ್ರಂಥವನ್ನು ಯಾರೂ ಬಾಯಿಪಾಠ ಮಾಡಲಾರರು; ಅರ್ಥ ತಿಳಿಯದ ಪದ ಎದುರಾದಾಗ ತೆರೆದು ನೋಡುವರು. ಆದುದರಿಂದ ಅಲ್ಲಿ ತೆಂಗು ತಕಾರದಲ್ಲಿದೆ. ಅದು ಮರವೋ ಹಕ್ಕಿಯೋ ಎಂಬುದು ತಿಳಿಯದವನೂ ಅಲ್ಲಿಗೆ ಹೋಗಬಲ್ಲನು. ಎರಡು ಕ್ರಮಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ಹೇಳುವಂತಿಲ್ಲ. ಒಂದು ವಸ್ತುವನ್ನು ಬಲ್ಲವನಿಗಾಗಿ ಮಾಡಿದ್ದು, ಇನ್ನೊಂದು ಹೆಸರನ್ನಷ್ಟೇ ಬಲ್ಲವನಿಗಾಗಿ ಮಾಡಿದ್ದು.

ಒಂದೇ ಭಂಡಾರಕ್ಕೆ ಎರಡು ಬಾಗಿಲುಗಳನ್ನು ಇಡಬಹುದೆಂಬುದಕ್ಕೂ ಹಳೆಯ ನಿದರ್ಶನವಿದೆ. ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳನ್ನು ಹೊರತಂದರು. 1904ರಲ್ಲಿ ಪ್ರಕಟವಾದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಗೆ ಮೀಸಲಾದುದು. ಅದರಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಗೊಂಡು, ಪ್ರತಿ ತಾಲ್ಲೂಕಿಗೂ ಬೇರೆಬೇರೆ ಕ್ರಮಸಂಖ್ಯೆಗಳನ್ನು ಪಡೆದಿವೆ. ತನ್ನ ಊರಿನ ಗುಡಿಯ ಶಾಸನದಲ್ಲಿ ಏನಿದೆಯೆಂದು ತಿಳಿಯಬಯಸುವ ಅರಳಗುಪ್ಪೆಯವನಿಗೆ ಈ ಕ್ರಮ ಒಪ್ಪುತ್ತದೆ. ಹೊಯ್ಸಳರ ಕಾಲದ ಚರಿತ್ರೆಯನ್ನು ಬರೆಯುವವನಿಗೆ ಕಾಲಾನುಕ್ರಮ ಬೇಕು. ಅವನಿಗಾಗಿ ಶಾಸನಗಳನ್ನು ಕಾಲಾನುಸಾರವಾಗಿ ಜೋಡಿಸಿದ ಪಟ್ಟಿಯನ್ನೂ ರೈಸ್ ಅವರು ಕೊಟ್ಟರು. ಕಲ್ಲುಗಳು ಅವೇ, ಬರಹ ಅದೇ. ಹುಡುಕುವವರು ಇಬ್ಬರಾದುದರಿಂದ ದಾರಿಗಳೂ ಎರಡಾದವು.

ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಇದನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. 1931ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ವಿಧಿಸಿದರು. ಅವುಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬುದು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ರಂಗನಾಥನ್ ಅವರು 1962ರಲ್ಲಿ ಅಲ್ಲಿ ಮಾಹಿತಿಯ ಸಂಘಟನೆಯನ್ನು ಕಲಿಸುವ ಕೇಂದ್ರವೊಂದನ್ನು ಸ್ಥಾಪಿಸಿದರು. ಪುಸ್ತಕವನ್ನು ಕಾಯುವುದಷ್ಟೇ ಗ್ರಂಥಪಾಲಕನ ಕೆಲಸವೆಂದು ತಿಳಿದಿದ್ದ ಕಾಲದಲ್ಲಿ, ಓದುಗನನ್ನು ಪುಸ್ತಕದ ಬಳಿಗೆ ಬೇಗನೆ ಕರೆದೊಯ್ಯುವುದೇ ಅವನ ಧರ್ಮವೆಂದು ಅವರು ಸಾರಿದರು.

ಜಾಲತಾಣಗಳು ಹುಟ್ಟಿದ್ದು ಕೂಡ ಇಂತಹುದೇ ಒಂದು ತೊಡಕಿನಿಂದ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸೆರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಿದೆ. ಅಲ್ಲಿಗೆ ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಅವರು ಹೋದೊಡನೆ ಅವರು ಮಾಡಿದ ಕೆಲಸದ ವಿವರಗಳು ಎಲ್ಲಿವೆಯೆಂಬುದೂ ಮರೆತುಹೋಗುತ್ತಿತ್ತು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ತಜ್ಞರು ಈ ಬರಹಗಳನ್ನೆಲ್ಲ ಕೊಂಡಿಗಳಿಂದ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವಂತೆ ಮಾಡುವ ಯೋಜನೆಯೊಂದನ್ನು ಮುಂದಿಟ್ಟರು. ಅದೇ ಬೆಳೆದು ಇಂದಿನ ವಿಶ್ವವ್ಯಾಪಿ ಜಾಲವಾಯಿತು. ಆದರೆ ಜಾಲತಾಣಕ್ಕೂ ಪುಸ್ತಕಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಪುಸ್ತಕಕ್ಕೆ ರಟ್ಟು ಉಂಟು, ದಪ್ಪ ಉಂಟು. ಎಷ್ಟು ಓದಿಯಾಯಿತು, ಎಷ್ಟು ಉಳಿದಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಜಾಲತಾಣದಲ್ಲಿ ಒಮ್ಮೆಗೆ ಕಾಣುವುದು ಒಂದೇ ಪುಟ. ಅದಕ್ಕೆ ಹಿಂದೆ ಹತ್ತು ಪುಟಗಳಿವೆಯೋ ಸಾವಿರವಿವೆಯೋ ತಿಳಿಯದು. ಮೇಲಾಗಿ, ಓದುಗನು ಮುಂಬಾಗಿಲಿನಿಂದಲೇ ಬರುತ್ತಾನೆಂಬ ಭರವಸೆಯಿಲ್ಲ. ಹುಡುಕುವ ಯಂತ್ರದ ಕೈಹಿಡಿದು ನೇರವಾಗಿ ನಡುಮನೆಗೇ ಬಂದು ಇಳಿಯಬಹುದು. ಹಾಗೆ ಬಂದವನಿಗೆ ‘ಇದು ಯಾವ ಸ್ಥಳ, ಇಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು’ ಎಂಬುದನ್ನು ಹೇಳುವುದು ಬದಿಯ ಪಟ್ಟಿ.

ಈ ಪಟ್ಟಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತೆಂಗಿನ ಬೇಸಾಯದ ಬಗ್ಗೆ ತಿಳಿಯಬೇಕಾದುದನ್ನೆಲ್ಲ ತುಂಬಿಕೊಂಡ ಒಂದು ಜಾಲತಾಣವಿದೆಯೆಂದು ಊಹಿಸಿಕೊಳ್ಳೋಣ. ಅದರ ಬದಿಯ ಪಟ್ಟಿಯಲ್ಲಿ ‘ಸಂಸ್ಥೆಯ ಪರಿಚಯ, ಆಡಳಿತ, ಸಂಶೋಧನೆ, ವಿಸ್ತರಣೆ, ಪ್ರಕಟಣೆಗಳು, ಯೋಜನೆಗಳು’ ಎಂಬ ಶೀರ್ಷಿಕೆಗಳಿವೆ. ‘ಸಂಶೋಧನೆ’ಯನ್ನು ತೆರೆದರೆ ‘ತಳಿ ಅಭಿವೃದ್ಧಿ, ಬೇಸಾಯಶಾಸ್ತ್ರ, ಸಸ್ಯರೋಗಶಾಸ್ತ್ರ, ಕೀಟಶಾಸ್ತ್ರ’ ಎಂಬ ಉಪಶೀರ್ಷಿಕೆಗಳು ಕಾಣುತ್ತವೆ. ಅವುಗಳ ಕೆಳಗೆ ರೋಗಗಳ ಹಾಗೂ ಹುಳುಗಳ ಹೆಸರುಗಳು. ಮಾಹಿತಿಯಲ್ಲಿ ಕೊರತೆಯಿಲ್ಲ, ಪ್ರತಿಯೊಂದು ಪುಟವೂ ವಿದ್ವತ್ಪೂರ್ಣವಾಗಿದೆ.

ತುರುವೇಕೆರೆಯ ಕಡೆಯ ರೈತನೊಬ್ಬನು ತನ್ನ ತೋಟದ ಒಂದು ಮರದ ಕೆಳಗಿನ ಗರಿಗಳು ಒಣಗುತ್ತಿರುವುದನ್ನು ಕಂಡು ಈ ತಾಣವನ್ನು ತೆರೆಯುತ್ತಾನೆ ಎನ್ನೋಣ. ಕೆಳಗಿನ ಗರಿ ಒಣಗುವುದಕ್ಕೆ ಕಾರಣಗಳು ಹಲವು. ಕಪ್ಪುತಲೆ ಹುಳುವು ಗರಿಯ ಅಡಿಭಾಗದಲ್ಲಿ ಗೂಡುಕಟ್ಟಿಕೊಂಡು ಹಸುರನ್ನು ಕೆರೆದು ತಿಂದಿರಬಹುದು. ಆಗ ಗರಿಗಳು ಬೆಂಕಿ ತಾಗಿದಂತೆ ಕಾಣುತ್ತವೆ. ಅಥವಾ ಅಣಬೆ ರೋಗವು ಬೇರನ್ನು ಹಿಡಿದಿರಬಹುದು. ಆಗಲೂ ಕೆಳಗಿನ ಗರಿಗಳು ಹಳದಿಯಾಗಿ ಜೋತುಬೀಳುತ್ತವೆ, ಬುಡದ ಹತ್ತಿರ ಕಾಂಡದಿಂದ ಕೆಂಗಂದು ಬಣ್ಣದ ರಸ ಸೋರುತ್ತದೆ. ಕೇವಲ ನೀರಿನ ಅಭಾವವೂ ಇರಬಹುದು. ಮೂರಕ್ಕೂ ಪರಿಹಾರ ಬೇರೆಬೇರೆ. ಹುಳುವಾದರೆ ಅದನ್ನು ಕೊಲ್ಲುವ ಗೋನಿಯೋಜಸ್ ಎಂಬ ಸಣ್ಣ ಪರೋಪಜೀವಿ ಕೀಟಗಳನ್ನು ತೋಟದಲ್ಲಿ ಬಿಡುತ್ತಾರೆ. ಆಲೋಚಿಸದೆ ವಿಷ ಸಿಂಪಡಿಸಿದರೆ ಆ ಮಿತ್ರಕೀಟಗಳೇ ಸಾಯುತ್ತವೆ. ಅಣಬೆ ರೋಗವಾದರೆ ಬೇರಿಗೆ ಚಿಕಿತ್ಸೆ ನಡೆಯಬೇಕು. ರೋಗ ಬೇರಿನಿಂದ ಬೇರಿಗೆ ಹರಡುವುದರಿಂದ ಮರದ ಸುತ್ತ ಕಂದಕ ತೋಡಿ ನೆರೆಯ ಮರಗಳನ್ನು ಕಾಪಾಡಬೇಕು.

ಈಗ ಆ ರೈತನ ಸ್ಥಿತಿಯನ್ನು ಗಮನಿಸಬೇಕು. ಪಟ್ಟಿಯಲ್ಲಿರುವುದು ರೋಗದ ಹೆಸರು. ಅವನ ಬಳಿ ಇರುವುದು ರೋಗದ ಲಕ್ಷಣ. ಸಸ್ಯರೋಗಶಾಸ್ತ್ರದ ಕಡೆಗೆ ಹೋಗಬೇಕೋ ಕೀಟಶಾಸ್ತ್ರದ ಕಡೆಗೆ ಹೋಗಬೇಕೋ ಎಂದು ಪಟ್ಟಿ ಅವನನ್ನು ಕೇಳುತ್ತದೆ. ಇದು ರೋಗವೋ ಹುಳುವೋ ಎಂಬುದೇ ಅವನು ತಿಳಿಯಲು ಬಂದ ಸಂಗತಿ. ಹೀಗೆ ಆ ಪಟ್ಟಿಯು ಉತ್ತರವನ್ನು ಬಲ್ಲವನಿಗೆ ಮಾತ್ರ ಪ್ರಶ್ನೆ ಕೇಳಲು ಅವಕಾಶ ಕೊಡುತ್ತದೆ. ಅವನು ಎರಡು ಮೂರು ಕಡೆ ತೆರೆದು ನೋಡಿ, ಬೇಸತ್ತು, ಯಾರೋ ಹೇಳಿದ ಔಷಧವನ್ನು ತಂದು ಸಿಂಪಡಿಸುತ್ತಾನೆ. ತೆಂಗಿನ ಎತ್ತರದ ತಳಿಯ ಸಸಿಯೊಂದು ಫಲ ಕೊಡುವುದಕ್ಕೆ ಆರೇಳು ವರ್ಷಗಳಾದರೂ ಬೇಕು. ಆಮೇಲೆ ಅದು ಒಂದು ಮನೆಯ ಎರಡು ಮೂರು ತಲೆಮಾರುಗಳನ್ನು ಸಾಕುತ್ತದೆ. ಅಂತಹ ಮರ ಹೋಯಿತೆಂದರೆ ಹೋದದ್ದು ಒಂದು ವರ್ಷದ ಬೆಳೆಯಲ್ಲ. ಅದನ್ನು ಉಳಿಸಬಲ್ಲ ಮಾತು ಎಲ್ಲಿಯೋ ಬರೆದಿಟ್ಟಿತ್ತು. ಕೈಗೆ ಸಿಗದ ಕಾರಣದಿಂದ, ಅದು ಬರೆಯದೆ ಇದ್ದುದಕ್ಕೆ ಸಮನಾಯಿತು.

ಇಲ್ಲಿ ದೋಷವಿರುವುದು ವಿಜ್ಞಾನಿಯ ಜ್ಞಾನದಲ್ಲಿ ಅಲ್ಲ. ಸಂಸ್ಥೆಯೊಂದು ತನ್ನ ಒಳಗಿನ ವಿಭಾಗಗಳನ್ನೇ ಪಟ್ಟಿಯಾಗಿ ಹೊರಗೆ ತೂಗುಹಾಕಿದ್ದರಲ್ಲಿ ದೋಷವಿದೆ. ಅದೇ ಪುಟಗಳನ್ನು ಹೀಗೂ ಜೋಡಿಸಬಹುದು: ‘ಸಸಿ ಮತ್ತು ನಾಟಿ’, ‘ನೀರು ಮತ್ತು ಗೊಬ್ಬರ’, ‘ಮರಕ್ಕೆ ಏನಾಗಿದೆ?’, ‘ಕೊಯ್ಲು ಮತ್ತು ಕೊಬ್ಬರಿ’, ‘ಬೆಲೆ ಮತ್ತು ಮಾರಾಟ’, ‘ಸಹಾಯಧನ ಮತ್ತು ವಿಮೆ’. ‘ಮರಕ್ಕೆ ಏನಾಗಿದೆ?’ ಎಂಬುದನ್ನು ತೆರೆದರೆ, ‘ಕೆಳಗಿನ ಗರಿಗಳು ಒಣಗುತ್ತಿವೆ’, ‘ಸುಳಿ ಬಾಡಿದೆ ಅಥವಾ ಕೊಳೆತಿದೆ’, ‘ಕಾಂಡದಿಂದ ರಸ ಸೋರುತ್ತಿದೆ’, ‘ಹರಳು ಉದುರುತ್ತಿವೆ’, ‘ಕಾಯಿಯ ಮೇಲೆ ಕಂದು ಕಲೆ ಬಿದ್ದಿದೆ’ ಎಂಬ ಸಾಲುಗಳು. ಕಣ್ಣಿಗೆ ಕಂಡುದನ್ನು ಬಲ್ಲವನು ಈಗ ಮುಂದುವರಿಯಬಲ್ಲನು. ಮುಂದಿನ ಪುಟವು ಮೂರು ಕಾರಣಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಒಂದನ್ನು ಇನ್ನೊಂದರಿಂದ ಗುರುತಿಸುವ ಬಗೆಯನ್ನು ತಿಳಿಸುತ್ತದೆ. ರೋಗದ ಹೆಸರನ್ನೇ ಬಲ್ಲ ಕೃಷಿ ವಿದ್ಯಾರ್ಥಿಗಾಗಿ ಅಕಾರಾದಿಯಾಗಿ ಜೋಡಿಸಿದ ರೋಗಗಳ ಪಟ್ಟಿಯೂ ಬೇರೆಯಾಗಿ ಇರಲಿ. ರೈಸ್ ಅವರ ಸಂಪುಟದಂತೆ ಇಲ್ಲಿಯೂ ಒಂದೇ ಪುಟಕ್ಕೆ ಎರಡು ದಾರಿಗಳಿದ್ದರೆ ಬಾಧಕವಿಲ್ಲ.

ಶೀರ್ಷಿಕೆಯ ಮಾತನ್ನು ಆರಿಸುವಾಗ ವಿಶೇಷ ಎಚ್ಚರ ಬೇಕು. ‘ಇತರೆ’, ‘ಸಾಮಾನ್ಯ ಮಾಹಿತಿ’, ‘ಸಂಕೀರ್ಣ’ ಎಂಬಂತಹ ಹೆಸರುಗಳು ಏನನ್ನೂ ಹೇಳದ ಕೈಮರಗಳು. ಅವುಗಳ ಹಿಂದೆ ಏನಿದೆಯೆಂಬುದು ಹೋಗಿ ನೋಡಿದವನಿಗೆ ಮಾತ್ರ ಗೊತ್ತು. ಹಾಗೆಯೇ ಒಂದೇ ಪದದಿಂದ ಆರಂಭವಾಗುವ ಹತ್ತು ಸಾಲುಗಳೂ ಓದುಗನನ್ನು ದಣಿಸುತ್ತವೆ. ‘ತೆಂಗಿನ ಗೊಬ್ಬರ, ತೆಂಗಿನ ನೀರಾವರಿ, ತೆಂಗಿನ ಕೊಯ್ಲು’ ಎಂದು ಬರೆಯುವ ಬದಲು ‘ಗೊಬ್ಬರ, ನೀರಾವರಿ, ಕೊಯ್ಲು’ ಎಂದರೆ ಸಾಲದೆ? ಪಟ್ಟಿಯನ್ನು ಯಾರೂ ಅಕ್ಷರ ಅಕ್ಷರವಾಗಿ ಓದುವುದಿಲ್ಲ. ಕಣ್ಣು ಮೇಲಿಂದ ಕೆಳಕ್ಕೆ ಜಾರುತ್ತದೆ. ಆ ಜಾರುವ ಕಣ್ಣಿಗೆ ಸಾಲಿನ ಮೊದಲನೆಯ ಪದವೇ ಆಸರೆ.

ಪಟ್ಟಿ ಎಷ್ಟು ಉದ್ದವಿರಬೇಕು ಎಂಬ ಬಗ್ಗೆ ಒಂದು ತಪ್ಪು ನಂಬಿಕೆ ಬೆಳೆದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅವರು 1956ರಲ್ಲಿ, ಮನುಷ್ಯನು ಒಮ್ಮೆಗೆ ಸುಮಾರು ಏಳು ಅಂಶಗಳನ್ನು ನೆನಪಿನಲ್ಲಿ ಹಿಡಿದಿಡಬಲ್ಲನೆಂದು ಬರೆದರು. ಇದನ್ನು ಕೇಳಿದ ಕೆಲವರು ಯಾವ ಪಟ್ಟಿಯಲ್ಲಿಯೂ ಏಳಕ್ಕಿಂತ ಹೆಚ್ಚು ಸಾಲುಗಳಿರಬಾರದೆಂದು ತೀರ್ಮಾನಿಸಿದರು. ಆದರೆ ಬದಿಯ ಪಟ್ಟಿ ಕಣ್ಣೆದುರಿಗೇ ಇರುವಾಗ ಅದನ್ನು ನೆನಪಿನಲ್ಲಿಡುವ ಅಗತ್ಯವೆಲ್ಲಿದೆ? ಇಪ್ಪತ್ತು ಸಾಲುಗಳಿದ್ದರೂ ಅವು ನಾಲ್ಕೈದು ಗುಂಪುಗಳಾಗಿ, ಗುಂಪಿಗೊಂದು ತಲೆಬರಹವಿದ್ದು, ನಡುವೆ ತೆರಪಿದ್ದರೆ ಓದುವುದು ಕಷ್ಟವಲ್ಲ. ಇದಕ್ಕಿಂತ ದೊಡ್ಡ ಕಷ್ಟ ಆಳದ್ದು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆ ಎಂಬಂತೆ ಐದಾರು ಹಂತ ಇಳಿಯಬೇಕಾದರೆ, ಯಾವ ಹಂತದಲ್ಲಿ ತಪ್ಪಿತೆಂಬುದೇ ಓದುಗನಿಗೆ ತಿಳಿಯದೆ ಹೋಗುತ್ತದೆ.

ಆಳವೂ ಎಲ್ಲ ಕಡೆಯಲ್ಲಿಯೂ ದೋಷವಲ್ಲ ಎಂಬುದಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೋಡಬಹುದು. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಈ ಯೋಜನೆಯಲ್ಲಿ ಗಣಕಯಂತ್ರವನ್ನು ಸೇರಿದವು. 2002ರ ವೇಳೆಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಯ ಅಚ್ಚಾದ ಪ್ರತಿಗಳು ದೊರೆಯತೊಡಗಿದವು. ಮುಂದೆ ಜಾಲತಾಣದಲ್ಲಿಯೂ ಅವನ್ನು ನೋಡುವಂತಾಯಿತು. ಅಷ್ಟು ದೊಡ್ಡ ರಾಶಿಯಲ್ಲಿ ಒಬ್ಬ ರೈತನ ಒಂದು ತುಂಡು ಜಮೀನಿನ ಹಾಳೆಯನ್ನು ಹುಡುಕುವ ದಾರಿ ಹೀಗಿದೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಹಂತಗಳು ಐದಾದರೂ ಚಿಕ್ಕನಾಯಕನಹಳ್ಳಿಯ ರೈತನು ಎಲ್ಲಿಯೂ ತಡವರಿಸುವುದಿಲ್ಲ. ಏಕೆಂದರೆ ಈ ಕ್ರಮವನ್ನು ಅವನು ಗಣಕಯಂತ್ರಕ್ಕಾಗಿ ಹೊಸದಾಗಿ ಕಲಿತದ್ದಲ್ಲ. ಅರ್ಜಿಯಲ್ಲಿ, ಪತ್ರದ ವಿಳಾಸದಲ್ಲಿ, ಮಾತುಕತೆಯಲ್ಲಿ ಅವನು ಬಾಳಿಕೊಂಡು ಬಂದ ಕ್ರಮವೇ ಅದು. ಆದರೆ ಸರ್ವೆ ನಂಬರಾದ ಮೇಲೆ ‘ಸರ್‌ನಾಕ್’ ಎಂಬ ಇನ್ನೊಂದು ಸ್ಥಾನ ಬರುತ್ತದೆ. ಎಷ್ಟೋ ಪಹಣಿಗಳಲ್ಲಿ ಆ ಸ್ಥಾನದಲ್ಲಿರುವುದು ಒಂದು ನಕ್ಷತ್ರಚಿಹ್ನೆ ಮಾತ್ರ. ಈ ಪದ ಕಚೇರಿಗೆ ಸೇರಿದ್ದು, ರೈತನಿಗೆ ಸೇರಿದ್ದಲ್ಲ. ಐದು ಹಂತಗಳನ್ನು ನಿರಾಯಾಸವಾಗಿ ಇಳಿದವನು ಆರನೆಯದರಲ್ಲಿ ನಿಂತು ಪಕ್ಕದವರನ್ನು ಕೇಳುವಂತಾದರೆ, ತಡೆದದ್ದು ಆಳವಲ್ಲ, ಅಪರಿಚಿತವಾದ ಒಂದು ಮಾತು.

ಹೆಸರು ಮತ್ತು ಕ್ರಮ ಸರಿಯಾದ ಮೇಲೆ ಪಟ್ಟಿಯ ನಡವಳಿಕೆಯನ್ನು ನೋಡಬೇಕು. ಓದುಗನು ಈಗ ಇರುವ ಪುಟದ ಹೆಸರು ಪಟ್ಟಿಯಲ್ಲಿ ಬೇರೆ ಬಣ್ಣದಿಂದಲೋ ದಪ್ಪ ಅಕ್ಷರದಿಂದಲೋ ಎದ್ದು ಕಾಣಬೇಕು. ಊರಿನ ನಕ್ಷೆಯಲ್ಲಿ ‘ನೀವು ಇಲ್ಲಿದ್ದೀರಿ’ ಎಂದು ಗುರುತು ಮಾಡಿದಂತೆ. ಬಣ್ಣಭೇದ ತಿಳಿಯದ ಕಣ್ಣಿನವರೂ ಇರುವುದರಿಂದ ಬಣ್ಣವೊಂದನ್ನೇ ನೆಚ್ಚಬಾರದು. ಪಟ್ಟಿಯು ಪ್ರತಿ ಪುಟದಲ್ಲಿಯೂ ಅದೇ ಸ್ಥಳದಲ್ಲಿ, ಅದೇ ಕ್ರಮದಲ್ಲಿ ಇರಬೇಕು. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿಯೂ ಈ ನಿಯಮವಿದೆ. ಕಣ್ಣು ಕಾಣದವರು ಪರದೆಯನ್ನು ಧ್ವನಿಯ ಮೂಲಕ ಓದಿಸಿ ಕೇಳುತ್ತಾರೆ. ಪುಟ ಪುಟಕ್ಕೂ ಕ್ರಮ ಬದಲಾದರೆ ಅವರಿಗೆ ಪ್ರತಿ ಪುಟವೂ ಹೊಸ ಊರಾಗುತ್ತದೆ. ಹಾಗೆಯೇ ಪ್ರತಿ ಪುಟದಲ್ಲಿಯೂ ಇಡೀ ಪಟ್ಟಿಯನ್ನು ಮತ್ತೆ ಮತ್ತೆ ಕೇಳುವ ಶಿಕ್ಷೆ ಅವರಿಗೆ ತಪ್ಪಬೇಕು. ಪಟ್ಟಿಯನ್ನು ದಾಟಿ ನೇರವಾಗಿ ವಿಷಯಕ್ಕೆ ಹೋಗುವ ಕೊಂಡಿಯೊಂದು ಮೊದಲಲ್ಲಿಯೇ ಇರಬೇಕು.

ಕನ್ನಡದ ಪಟ್ಟಿಗೆ ಅದರದೇ ಆದ ಅಗತ್ಯಗಳೂ ಉಂಟು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕನ್ನಡದ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗುವುದರಿಂದ ಕಿರಿದಾದ ಪಟ್ಟಿಯಲ್ಲಿ ಅರ್ಧಕ್ಕೆ ಮುರಿದುಹೋಗುವ ಸಂಭವವೂ ಹೆಚ್ಚು. ‘ಕೀಟನಾಶಕಗಳನ್ನು ಉಪಯೋಗಿಸುವಾಗ ತೆಗೆದುಕೊಳ್ಳಬೇಕಾದ ಮುನ್ನೆಚ್ಚರಿಕೆಗಳು’ ಎಂಬ ಸಾಲು ‘ಔಷಧ ಸಿಂಪಡಣೆ: ಎಚ್ಚರಿಕೆ’ ಎಂದಾದರೆ ಪಟ್ಟಿಗೂ ಹಿತ, ಓದುಗನಿಗೂ ಹಿತ.

ಮೊಬೈಲಿನ ಪರದೆ ಕಿರಿದಾದುದರಿಂದ ಅಲ್ಲಿ ಬದಿಯ ಪಟ್ಟಿಗೆ ಬದಿಯೇ ಇರುವುದಿಲ್ಲ. ಅದನ್ನು ಮೂರು ಅಡ್ಡಗೆರೆಗಳ ಚಿಹ್ನೆಯೊಂದರ ಹಿಂದೆ ಬಚ್ಚಿಡುತ್ತಾರೆ. ಜೆರಾಕ್ಸ್ ಸಂಸ್ಥೆ 1981ರಲ್ಲಿ ಹೊರತಂದ ಸ್ಟಾರ್ ಎಂಬ ಗಣಕಯಂತ್ರಕ್ಕಾಗಿ ನಾರ್ಮ್ ಕಾಕ್ಸ್ ಎಂಬ ಕಲಾವಿದರು ರಚಿಸಿದ ಚಿಹ್ನೆ ಇದು. ಬಳಸಿ ಬಲ್ಲವರಿಗೆ ಅದು ಪಟ್ಟಿಯೆಂದು ತಿಳಿಯುತ್ತದೆ. ಬಲ್ಲದವರಿಗೆ ಅವು ಬರಿಯ ಮೂರು ಗೆರೆಗಳು. ಅದರ ಪಕ್ಕದಲ್ಲಿ ‘ವಿಷಯಗಳು’ ಎಂಬ ಒಂದು ಪದವನ್ನು ಬರೆದರೆ ಸ್ಥಳ ಹೆಚ್ಚೇನೂ ಹಿಡಿಯದು. ಹಳ್ಳಿಗಳಲ್ಲಿ ಜಾಲತಾಣವನ್ನು ನೋಡುವವರಲ್ಲಿ ಬಹುಮಂದಿ ನೋಡುವುದು ಮೊಬೈಲಿನಲ್ಲಿಯೇ ಆದುದರಿಂದ ಆ ಒಂದು ಪದದ ಬೆಲೆ ದೊಡ್ಡದು.

ಹುಡುಕುವ ಪೆಟ್ಟಿಗೆಯೊಂದನ್ನು ಇಟ್ಟುಬಿಟ್ಟರೆ ಪಟ್ಟಿಯ ಗೊಡವೆಯೇ ಬೇಡವೆಂದು ವಾದಿಸುವವರುಂಟು. ಬೇಕಾದ ಪದವನ್ನು ಅದರಲ್ಲಿ ಬರೆದರೆ ಯಂತ್ರವೇ ಪುಟವನ್ನು ತಂದುಕೊಡುತ್ತದೆ ಎಂಬುದು ನಿಜ. ಆದರೆ ಅದಕ್ಕೂ ಪದ ಗೊತ್ತಿರಬೇಕು. ಏನನ್ನು ಕೇಳಬೇಕೆಂಬುದೇ ತಿಳಿಯದವನಿಗೆ ಪಟ್ಟಿ ‘ಇವನ್ನು ಕೇಳಬಹುದು’ ಎಂದು ಸೂಚಿಸುತ್ತದೆ. ಗೊಬ್ಬರದ ಬಗ್ಗೆ ನೋಡಲು ಬಂದ ರೈತನ ಕಣ್ಣಿಗೆ ಪಕ್ಕದಲ್ಲಿಯೇ ‘ಮರದ ವಿಮೆ’ ಎಂಬ ಸಾಲು ಬೀಳುತ್ತದೆ. ತೆಂಗಿನ ಮರಕ್ಕೂ ವಿಮೆಯಿದೆಯೆಂಬ ಸಂಗತಿ ಅವನಿಗೆ ಆಗಲೇ ತಿಳಿಯುವುದು. ಕೇಳಿದ್ದನ್ನು ಕೊಡುವುದು ಹುಡುಕುಪೆಟ್ಟಿಗೆ. ಕೇಳಲು ತೋಚದ್ದನ್ನು ತೋರಿಸುವುದು ಪಟ್ಟಿ.

ಇಷ್ಟೆಲ್ಲ ಆಲೋಚಿಸಿ ಮಾಡಿದ ಪಟ್ಟಿಯೂ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮಾಡಿದವನನ್ನು ಕೇಳಿ ಪ್ರಯೋಜನವಿಲ್ಲ. ತನ್ನ ಮನೆಯಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಇದಕ್ಕೆ ಎರಡು ಸುಲಭವಾದ ಪರೀಕ್ಷೆಗಳಿವೆ. ತಾಣದಲ್ಲಿರುವ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅದನ್ನು ಬಳಸತಕ್ಕವರ ಕೈಗೆ ಕೊಟ್ಟು, ತಮಗೆ ಸರಿತೋರಿದಂತೆ ಗುಂಪು ಮಾಡಲು ಹೇಳುವುದು ಮೊದಲನೆಯದು. ಅವರು ಮಾಡಿದ ಗುಂಪುಗಳೂ, ಆ ಗುಂಪುಗಳಿಗೆ ಅವರು ಇಟ್ಟ ಹೆಸರುಗಳೂ ಪಟ್ಟಿಗೆ ಒಳ್ಳೆಯ ತಳಹದಿ. ಎರಡನೆಯದು, ಪಟ್ಟಿ ಸಿದ್ಧವಾದ ಮೇಲೆ ಕೆಲವರನ್ನು ಕೂರಿಸಿ, ‘ಹರಳು ಉದುರುವುದಕ್ಕೆ ಪರಿಹಾರವನ್ನು ಹುಡುಕಿ’ ಎಂಬಂತಹ ಕೆಲಸವನ್ನು ಕೊಟ್ಟು ನೋಡುವುದು. ಹಾಗೆ ನೋಡುವಾಗ ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಅವರ ಕೈ ಎಲ್ಲಿ ತಡೆಯಿತು, ಎಲ್ಲಿ ಹಿಂದಿರುಗಿತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಇದಕ್ಕೆ ನೂರಾರು ಜನ ಬೇಕಾಗಿಲ್ಲ. ಐದು ಮಂದಿಯನ್ನು ಗಮನಿಸಿದರೆ ತೊಡಕುಗಳಲ್ಲಿ ಬಹುಪಾಲು ಬೆಳಕಿಗೆ ಬರುತ್ತವೆಂದು ಡೆನ್ಮಾರ್ಕಿನ ತಜ್ಞ ಜೇಕಬ್ ನೀಲ್ಸನ್ ಅವರು 2000ದಲ್ಲಿ ಬರೆದರು. ಆ ಐವರು ಹುಡುಕುವ ಅಗತ್ಯವುಳ್ಳವರೇ ಆಗಿರಬೇಕು; ತೆಂಗಿನ ತಾಣವನ್ನು ನಗರದ ಕಚೇರಿಯ ಗುಮಾಸ್ತರಿಂದ ಪರೀಕ್ಷಿಸಿದರೆ ಗುಮಾಸ್ತರಿಗೆ ಒಪ್ಪುವ ಪಟ್ಟಿ ಸಿದ್ಧವಾದೀತು.

ಈ ಪರೀಕ್ಷೆಯಲ್ಲಿ ಒಬ್ಬನು ದಾರಿ ತಪ್ಪಿದಾಗ ‘ಅವನಿಗೆ ಅಷ್ಟೂ ತಿಳಿಯದೆ?’ ಎಂದುಕೊಳ್ಳುವುದು ಸುಲಭ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಹತ್ತು ಮಂದಿ ಪ್ರಯಾಣಿಕರು ಒಬ್ಬರಾದ ಮೇಲೊಬ್ಬರು ತಪ್ಪುದಾರಿ ಹಿಡಿದರೆ ಜನರು ದೂರುವುದು ಕೈಮರವನ್ನು, ಪ್ರಯಾಣಿಕರನ್ನಲ್ಲ. ಓದುಗನ ವಿಷಯದಲ್ಲಿಯೂ ಅದೇ ನ್ಯಾಯ ನಡೆಯಬೇಕು. ದಾರಿ ಕಾಣದೆ ಹಿಂದಿರುಗಿದವರಲ್ಲಿ ಬಹುಮಂದಿ ತಮ್ಮ ಓದು ಸಾಲದೆಂದು ನಾಚಿಕೊಂಡು ಸುಮ್ಮನಾಗುತ್ತಾರೆ. ಅವರ ದೂರು ಎಲ್ಲಿಯೂ ದಾಖಲಾಗುವುದಿಲ್ಲ. ಆದುದರಿಂದ ಪಟ್ಟಿಯನ್ನು ಮಾಡುವವನು ಅವರನ್ನು ತಾನಾಗಿ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಗಣಕಯಂತ್ರಗಳು ಬದಲಾಗುತ್ತವೆ, ಪರದೆಯ ಆಕಾರ ಬದಲಾಗುತ್ತದೆ, ಇಂದಿನ ಬದಿಯ ಪಟ್ಟಿಯ ಸ್ಥಳದಲ್ಲಿ ನಾಳೆ ಬೇರೊಂದು ಸಾಧನ ಬರಬಹುದು. ಬರೆದವನಿಗೂ ಬೇಕಾದವನಿಗೂ ನಡುವೆ ಇರುವ ದೂರ ಮಾತ್ರ ಉಳಿದೇ ಇರುತ್ತದೆ. ಶಾಲೆಯ ಪುಟ್ಟ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿಯನ್ನು ಬರೆಯುವ ವಿದ್ಯಾರ್ಥಿಯ ಮುಂದೆಯೂ, ಸರ್ಕಾರದ ಜಾಲತಾಣವನ್ನು ಕಟ್ಟುವ ತಜ್ಞನ ಮುಂದೆಯೂ ನಿಲ್ಲುವ ಪ್ರಶ್ನೆ ಒಂದೇ: ಇದನ್ನು ಹುಡುಕಿಕೊಂಡು ಬರುವವನು ಯಾರು, ಅವನ ಬಾಯಲ್ಲಿರುವ ಮಾತು ಯಾವುದು? ಆ ಮಾತನ್ನು ಕೇಳಿ ತಿಳಿದು ಪಟ್ಟಿಯ ಮೇಲೆ ಬರೆದರೆ, ಕೂಡಿಟ್ಟ ತಿಳಿವಳಿಕೆ ಯಾರ ಹೊಲಕ್ಕೆ ಬೇಕಾಗಿತ್ತೋ ಅವರ ಹೊಲವನ್ನು ಮುಟ್ಟುತ್ತದೆ.